ತಟ್ಟಿ ನೋಡುವ ಕೆಲಸ

ಕೊಪ್ಪದ ನಮ್ಮ ಮನೆಯಲ್ಲಿ ಹಲಸಿನಹಣ್ಣು ತಟ್ಟುವ ಅಧಿಕಾರ ಇದ್ದದ್ದು ಅಜ್ಜಿಗೆ ಮಾತ್ರ. ಬೆರಳ ಗೆಣ್ಣಿನಿಂದ ನಾಲ್ಕು ಕಡೆ ಕುಟ್ಟುತ್ತಿದ್ದಳು. 'ಟಣ್' ಎಂದರೆ ಬಿಟ್ಟು ಬರುತ್ತಿದ್ದಳು, 'ದಬ್' ಎಂದರೆ ಕತ್ತಿ ತರಿಸುತ್ತಿದ್ದಳು. ನರಸಿಂಹರಾಜಪುರದ ಕಡೆಯಿಂದ ಬರುತ್ತಿದ್ದ ಆಚಾರಿ ಅಟ್ಟದ ತೊಲೆಗೆ ಉಳಿಯ ಹಿಡಿಯಿಂದ ಬಡಿದು, ಗೆದ್ದಲು ಎಲ್ಲಿಯ ತನಕ ತಿಂದಿದೆಯೆಂದು ಗೆರೆ ಎಳೆಯುತ್ತಿದ್ದ. ಶೃಂಗೇರಿ ಬಸ್ಸಿನ ಕ್ಲೀನರ್ ಸರಳಿನಿಂದ ಟೈರಿಗೆ ಬಡಿದು ಗಾಳಿ ನೋಡುತ್ತಿದ್ದ. ಇವರ ನಡುವೆ ಬೆಳೆದವನು ಬೆಂಗಳೂರಿಗೆ ಹೋಗಿ, ಮೂವತ್ತು ವರ್ಷ ವಿಮಾನ ತಟ್ಟಿ ಸಂಬಳ ಎಣಿಸಿದ.

ಕೆಲಸದ ಹೆಸರು ಎನ್‌ಡಿಟಿ. ಕೊಯ್ಯದೆ, ಮುರಿಯದೆ ಒಳಗಿನ ಗಾಯ ಹುಡುಕುವುದು. ಅಲ್ಟ್ರಾಸೌಂಡ್ ಇದೆ, ಎಡ್ಡಿ ಕರೆಂಟ್ ಇದೆ, ಸುತ್ತ ಹಗ್ಗ ಕಟ್ಟಿ ಎಲ್ಲರನ್ನೂ ದೂರ ಕಳಿಸಿ ತೆಗೆಯುವ ಎಕ್ಸ್‌ರೇ ಇದೆ. ನೋಡಲು ಚೆಂದ ಡೈ ಪೆನೆಟ್ರೆಂಟ್: ಲೋಹಕ್ಕೆ ಕೆಂಪು ಬಣ್ಣ ಹಚ್ಚಿ, ಕಾದು, ಒರೆಸಿ, ಮೇಲೆ ಬಿಳಿ ಪುಡಿ ಹಾಯಿಸಿದರೆ, ಬಿರುಕಿನೊಳಗೆ ಅಡಗಿದ್ದ ಬಣ್ಣ ಮೆಲ್ಲಗೆ ಮೇಲೇಳುತ್ತದೆ. ಸುಣ್ಣದ ಗೋಡೆಯ ಮೇಲೆ ಎಲೆಯಡಿಕೆ ರಸ ಇಳಿದ ಹಾಗೆ.

ನನಗೆ ಪ್ರೀತಿ ಮಾತ್ರ ತಟ್ಟಿ ಕೇಳುವ ಟ್ಯಾಪ್ ಟೆಸ್ಟ್ ಮೇಲೆ. ಅಲ್ಯೂಮಿನಿಯಂ ಮೇಲೆ ಸ್ಪ್ಯಾನರ್ ಬಿದ್ದರೆ ತಗ್ಗಾಗಿ ತಪ್ಪೊಪ್ಪಿಕೊಳ್ಳುತ್ತದೆ. ಕಾರ್ಬನ್ ಕಾಂಪೋಸಿಟ್ ಹಾಗಲ್ಲ. ಮೈ ನುಣ್ಣಗೇ ಇರುತ್ತದೆ, ಒಳಗೆ ಪದರ ಬಿಟ್ಟಿರುತ್ತದೆ. ನಮ್ಮ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇಕಡಾ 45 ಇದೇ ವಸ್ತು. ದಪ್ಪ ಭಾಗಕ್ಕೆ ಅಲ್ಟ್ರಾಸೌಂಡೇ ಬೇಕು. ತೆಳು ಹೊದಿಕೆಯ, ಒಳಗೆ ಜೇನುಹುಟ್ಟಿನಂಥ ಹೂರಣವಿರುವ ಭಾಗಕ್ಕೆ ಪುಟ್ಟ ಸುತ್ತಿಗೆ ಸಾಕು, ನಾಣ್ಯವೂ ನಡೆಯುತ್ತದೆ. ಅಂಟು ಗಟ್ಟಿಯಿದ್ದರೆ 'ಟಣ್', ಬಿಟ್ಟಿದ್ದರೆ 'ದಬ್'. ಅಜ್ಜಿಗೆ ಸಿಹಿಯಾದ ಸದ್ದು ನನಗೆ ಕಹಿ.

ಸದ್ದು ನಂಬಿ ಮೋಸವನ್ನೂ ಹೋಗಿದ್ದೇನೆ. ಒಮ್ಮೆ ರೆಕ್ಕೆಯ ಅಂಚಿನಲ್ಲಿ ಒಂದು ಗೆರೆಯುದ್ದಕ್ಕೂ ದನಿ ಬದಲಾಯಿತು. ಚಾಕ್‌ಪೀಸಿನಿಂದ ವೃತ್ತ ಹಾಕಿ, ಗಂಭೀರವಾಗಿ ವರದಿ ಬರೆದೆ. ನಕ್ಷೆ ತೆಗೆದು ನೋಡಿದರೆ ಆ ಗೆರೆಯ ಹಿಂದೆ ಪಕ್ಕೆಲುಬು ಮುಗಿಯುತ್ತಿತ್ತು, ಅಷ್ಟೇ! ಹಿರಿಯರು ವಾರವಿಡೀ ನಕ್ಕರು. ಆಮೇಲೆ ನಕ್ಷೆ ನೋಡದೆ ಸುತ್ತಿಗೆ ಮುಟ್ಟಲಿಲ್ಲ. ಪಕ್ಕದಲ್ಲಿ ಎಂಜಿನ್ ಓಡುತ್ತಿದ್ದರೂ ಮುಟ್ಟಲಿಲ್ಲ. ಚಹಾ ಕುಡಿದು ಬರುತ್ತಿದ್ದೆ.

ತರಬೇತಿಯಲ್ಲಿ ನಮಗೆ ಪದೇ ಪದೇ ಹೇಳುತ್ತಿದ್ದ ಕಥೆ 1988ರ ಏಪ್ರಿಲ್ 28ರದು. ಹವಾಯಿಯ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737, 89,680 ಹಾರಾಟ ಮುಗಿಸಿದ್ದ ವಿಮಾನ. ಹಾಳೆಗಳ ಜೋಡಣೆಯಲ್ಲಿ ಅಂಟು ಬಿಟ್ಟು, ತುಕ್ಕು ಹಿಡಿದು, ರಿವೆಟ್ ತೂತುಗಳಿಂದ ಸಣ್ಣ ಬಿರುಕುಗಳು ಹೊರಟಿದ್ದವು. ಆಕಾಶದಲ್ಲಿ ಮುಂಭಾಗದ ಚಾವಣಿಯೇ ಹಾರಿಹೋಯಿತು. ಒಬ್ಬ ಗಗನಸಖಿ ಹೊರಗೆ ಎಸೆಯಲ್ಪಟ್ಟು ತೀರಿಕೊಂಡರು. ಹತ್ತುವಾಗ ಬಾಗಿಲ ಬಳಿ ಬಿರುಕು ಕಂಡಿತ್ತೆಂದು ಪ್ರಯಾಣಿಕರೊಬ್ಬರು ಆಮೇಲೆ ಹೇಳಿದರು. ಆಗಲೇ ಬಾಯಿಬಿಟ್ಟಿದ್ದರೆ?

ಅಜ್ಜಿ ಕೊನೆಗೆ ಹಣ್ಣನ್ನು ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತ ತನ್ನ ತೀರ್ಪು ತಾನೇ ನೋಡಿ ಸುಖಪಡುತ್ತಿದ್ದಳು. ನನಗೆ ಆ ಭಾಗ್ಯವಿರಲಿಲ್ಲ. 'ಸರಿಯಿದೆ' ಎಂದು ಸಹಿ ಹಾಕಿದ ರೆಕ್ಕೆಯನ್ನು ಯಾರೂ ಕೊಯ್ದು ತೋರಿಸಲಿಲ್ಲ.

ಈಗ ಊರಿಗೆ ಬಂದಿದ್ದೇನೆ. ಹಿತ್ತಿಲ ಬಕ್ಕೆ ಹಲಸಿನ ಮರದಲ್ಲಿ ಈ ಸಲ ಹನ್ನೊಂದು ಕಾಯಿ. ಬೆಳಿಗ್ಗೆ ಕೈಗೆಟುಕುವ ಮೂರನ್ನು ತಟ್ಟಿ ನೋಡಿದೆ. ಇನ್ನೂ ಹದಿನೈದು ದಿನ ಬೇಕು.