ಮೈಲುತುತ್ತಕ್ಕೆ ಸಿಕ್ಕ ಸತು

ಅಡಿಕೆಗೆ ಮದ್ದು ಹೊಡೆಯುವ ಪಂಪಿನ ಕಬ್ಬಿಣದ ಚೌಕಟ್ಟಿಗೆ ಸತುವಿನ ಲೇಪ ಕೊಡಿಸಿದರೆ ತುಕ್ಕಿನ ಚಿಂತೆ ತೀರಿತು ಎಂದು ನಂಬಿದ್ದೆ. ಕಿರವತ್ತಿಯಲ್ಲಿ ಹಾಗೆ ನಂಬುವುದು ಸುಲಭ. ಯಲ್ಲಾಪುರ–ಹುಬ್ಬಳ್ಳಿ ಹೆದ್ದಾರಿಯ ಬದಿಗೆ ಕಾಣುವ ತಗಡಿನ ಮಾಡು, ಬೇಲಿ ತಂತಿ, ನೀರಿನ ಪೈಪು ಎಲ್ಲ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ; ಎಲ್ಲ ಮಳೆ ತಡೆದು ನಿಂತಿವೆ. ಚೌಕಟ್ಟಿಗೆ ಮೊದಲು ಬಳಿದಿದ್ದ ಬೆಳ್ಳಿ ಬಣ್ಣವಂತೂ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದಿತ್ತು. ತುಕ್ಕಿನ ಮೇಲೇ ಬಳಿದರೆ ಬಣ್ಣವಾದರೂ ಏನು ಮಾಡೀತು!

ನಾನು ಲೆಕ್ಕ ಹಿಡಿದದ್ದು ಮಳೆಯನ್ನು, ಮದ್ದಾಗಿ ಹೊಡೆಯುವ ಬೋರ್ಡೋ ದ್ರಾವಣವನ್ನಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸುಣ್ಣ ಸಾಲದಿದ್ದರೆ ತಾಮ್ರ ನೀರಿನಲ್ಲಿ ಕರಗಿಯೇ ಉಳಿಯುತ್ತದೆ. ಅದನ್ನು ನೋಡಲೆಂದೇ ಕತ್ತಿ ಅದ್ದುವುದು. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂತದ್ದೇ ಆ ಕೆಂಪು. ಮಳೆಗಾಲ ಬಂದಾಗಲೆಲ್ಲ ಕತ್ತಿ ಅದ್ದಿ ನೋಡುವ ನನಗೆ ಲೇಪ ಆರಿಸುವಾಗ ಇದು ಹೊಳೆಯಲಿಲ್ಲ.

ಸತು ಕಬ್ಬಿಣಕ್ಕಿಂತ ಚುರುಕು. ಮಳೆನೀರಿನಲ್ಲಿ ತಾನು ಸವೆದು ಕಬ್ಬಿಣವನ್ನು ಉಳಿಸುವುದು ಆ ಗುಣದಿಂದ. ತಾಮ್ರದ ನೀರಿಗೆ ಬೇಗ ಕರಗಿಹೋಗುವುದೂ ಅದೇ ಗುಣದಿಂದ. ಮೈಲುತುತ್ತ ಕರಗಿಸಿದ ಡ್ರಮ್ಮನ್ನು ನಾವು ಚೌಕಟ್ಟಿನ ಮೇಲೇ ಇಡುತ್ತಿದ್ದೆವು. ನೀಲಿ ನೀರು ತೊಟ್ಟಿಕ್ಕಿದಲ್ಲೆಲ್ಲ ಲೇಪ ಕಪ್ಪಾಗಿ ಪುಡಿಯಾಯಿತು. ಸತು ಕರಗಿದ ಜಾಗದಲ್ಲಿ ಅಂಟಿ ಕೂತ ತಾಮ್ರ, ಒದ್ದೆ ಇರುವಷ್ಟು ಹೊತ್ತೂ ಪಕ್ಕದ ಕಬ್ಬಿಣವನ್ನು ತಿನ್ನುತ್ತದೆ. ಬೆಸುಗೆಯ ಮೂಲೆಗಳು ಮೊದಲು ತೂತಾದವು.

1910ರ ಸುಮಾರಿಗೆ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಮೈಸೂರು ಸೀಮೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆಯ ದಾರಿ ತೋರಿಸಿದ್ದರು. ಆ ಸಿಂಪಡಣೆಯ ಹಳೆಯ ಕೈಪಂಪುಗಳಿಗೆ ಹಿತ್ತಾಳೆ ಬಳಸುತ್ತಿದ್ದುದು ಅಂದಕ್ಕಲ್ಲ, ತಾಮ್ರದ ನೀರು ತಡೆಯಲೆಂದು ಎಂಬುದು ನನಗೆ ತಡವಾಗಿ ತಿಳಿಯಿತು.

ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮಲ್ ಹೊಡೆ ಎಂದವರಿದ್ದರು. ಗೇಟಿಗೆ ಅದು ಸಾಕು. ಪಂಪಿನ ಮೇಲೆ ಸುಣ್ಣದ ನೀರೂ ಬೀಳುತ್ತದಲ್ಲ. ಎಣ್ಣೆ ಮೂಲದ ಎನಾಮಲ್ ಆ ಕ್ಷಾರಕ್ಕೆ ಸಾಬೂನಾಗಿ ಮೆತ್ತಗಾಗುತ್ತದೆ. ಕೊನೆಗೆ ಉಳಿದ ಸತು, ತಾಮ್ರ, ತುಕ್ಕು ಎಲ್ಲವನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ತೂತು ಬಿದ್ದಲ್ಲಿ ಹೊಸ ಪಟ್ಟಿ ಬೆಸೆಸಿ, ಬೇಸಿಗೆಯ ಒಣ ದಿನಗಳಲ್ಲಿ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹಚ್ಚಿದೆ. ಅಂಚು, ಬೆಸುಗೆಗಳಿಗೆ ಮೊದಲೊಂದು ಕೈ. ಬಣ್ಣ ತೆಳ್ಳಗಾಗುವುದು ಅಲ್ಲಿಯೇ. ಮೇಲೆ ಎಪಾಕ್ಸಿ ಬಣ್ಣ. ಬಿಸಿಲಿಗೆ ಅದರ ಮೈ ಪುಡಿಪುಡಿಯಾಗುವುದರಿಂದ ಪಂಪಿಗೆ ಈಗ ಮಾಡಿನಡಿಯೇ ಜಾಗ. ಡ್ರಮ್ಮು ನೆಲಕ್ಕಿಳಿದಿದೆ. ಮದ್ದು ಮುಗಿದ ಸಂಜೆ ಬರೀ ನೀರಿನಿಂದ ಪಂಪು ತೊಳೆಯುವ ಕೆಲಸವೂ ಈಗ ಸೇರಿಕೊಂಡಿದೆ. ಅದರ ಬಗ್ಗೆ ಗೊಣಗುವವರು ಇದ್ದಾರೆ.