ಹೆಣ್ಣುಮಕ್ಕಳ ಬೆನ್ನು ನೆಟ್ಟಗಿರಲಿ

ಗಾಲ್ಫ್ ಅಂದ ಕೂಡಲೇ 'ಅದು ಸಾಹುಕಾರರ ಆಟ, ನಮಗ್ಯಾಕೆ?' ಅಂತ ಪುಟ ತಿರುವಿಬಿಡಬೇಡಿ. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೆಯ ಸ್ಥಾನ ಪಡೆದಾಗ, ಆಟದ ಚೀಲ ಹೊತ್ತು ಪಕ್ಕದಲ್ಲಿ ನಡೆದವರು ಅವಳ ತಾಯಿಯೇ. ಅಂದಮೇಲೆ ತಾಯಂದಿರಿಗೂ ಇದರಲ್ಲಿ ಕೆಲಸವಿದೆ ಅಂತಾಯಿತಲ್ಲ!

ಮೈಸೂರಿನಲ್ಲಿರುವ ನನ್ನ ತಮ್ಮನ ಮಗಳಿಗೆ ಈಗ 14 ವರ್ಷ. ಗಾಲ್ಫ್ ಕಲಿಯುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಜೊತೆ ನಮ್ಮ ಮನೆಗೆ ಬಂದಿದ್ದಳು. "ಬೆನ್ನು ಗೂನು ಮಾಡ್ತೀಯ ಅಂತ ಕೋಚ್ ದಿನಾ ಬೈತಾರೆ ಅತ್ತೆ" ಅಂದಳು. "ಯಾಕೆ ಹಾಗೆ ನಿಲ್ತೀಯ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎದೆ ಮುಂದೆ ಮಾಡಿಕೊಂಡು ನಿಲ್ಲಬೇಡ ಅಂತ ಅಜ್ಜಿ ಹೇಳ್ತಾರಲ್ಲ" ಅಂದಳು.

ಆ ಅಜ್ಜಿ ಅಂದರೆ ನನ್ನ ತಾಯಿ. ನಾನೂ ಅದೇ ಮಾತು ಕೇಳಿಕೊಂಡೇ ಬೆಳೆದವಳು. ನಿಮ್ಮಲ್ಲಿ ಎಷ್ಟು ಜನ ಕೇಳಿಲ್ಲ, ಹೇಳಿ?

ಗಾಲ್ಫಿನ ನಿಲುವು ಹೀಗಿರಬೇಕಂತೆ. ಪಾದಗಳ ನಡುವೆ ಭುಜದಷ್ಟು ಅಗಲ ಬಿಡಬೇಕು. ಮೊಣಕಾಲು ತುಸು ಸಡಿಲವಾಗಿರಬೇಕು. ಬಾಗುವುದು ಬೆನ್ನಿನಿಂದಲ್ಲ, ತೊಡೆ ಸೇರುವ ಸೊಂಟದ ಕೀಲಿನಿಂದ. ತೋಳುಗಳು ಭುಜದಿಂದ ಸುಮ್ಮನೆ ಇಳಿಬಿದ್ದಿರಬೇಕು. ಕೋಲನ್ನು ಹಿಂದಕ್ಕೆತ್ತುವಾಗ ಭುಜಗಳು ಸುಮಾರು 90 ಡಿಗ್ರಿ ತಿರುಗಿದರೆ ಸೊಂಟ ಅದರ ಅರ್ಧದಷ್ಟು ತಿರುಗುತ್ತದೆ. ಹೊಡೆಯುವಾಗ ಚಲನೆ ಕೆಳಗಿನಿಂದ ಶುರು. ಮೊದಲು ಭಾರ ಎಡಗಾಲಿಗೆ ಸರಿಯುತ್ತದೆ, ಆಮೇಲೆ ಸೊಂಟ, ಎದೆ, ತೋಳು, ಕೊನೆಗೆ ಕೋಲು. ಎಡಗೈ ಆಟಗಾರರಿಗೆ ಇದು ತಿರುವುಮುರುವು. ಬೆನ್ನು ಗೂನಾದರೆ ಎದೆಯ ಭಾಗ ಸರಿಯಾಗಿ ತಿರುಗುವುದಿಲ್ಲ. ಆಗ ಬರೀ ತೋಳಿನಿಂದ ಹೊಡೆಯಬೇಕು. ಚೆಂಡು ದೂರ ಹೋಗದು, ನಡುವಿಗೂ ನೋವು.

ನಂಬಿಕೆ ಬಾರದಿದ್ದರೆ ಕುರ್ಚಿಯಲ್ಲಿ ಮುದುರಿ ಕೂತು, ಎರಡೂ ಭುಜಗಳನ್ನು ಒಂದು ಪಕ್ಕಕ್ಕೆ ತಿರುಗಿಸಿ ನೋಡಿ. ಆಮೇಲೆ ನೆಟ್ಟಗೆ ಕೂತು ತಿರುಗಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ನನ್ನ ತಾಯಿಯಿಂದಲೂ ಮಾಡಿಸಿದೆ. "ಹೌದಲ್ಲೇ, ಮುದುರಿದ್ರೆ ಮೈ ತಿರುಗೋದೇ ಇಲ್ಲ" ಅಂದರು. ಆಮೇಲೆ ಮೊಮ್ಮಗಳಿಗೆ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

ಮನೆಯಲ್ಲೇ ಮಾಡುವ ಒಂದು ಅಭ್ಯಾಸವಿದೆ. ಉದ್ದನೆಯ ಕೋಲನ್ನು ಬೆನ್ನ ಹಿಂದೆ ನೆಟ್ಟಗೆ ಹಿಡಿಯಿರಿ. ತಲೆಯ ಹಿಂಭಾಗ, ಮೇಲ್ಬೆನ್ನು, ಬೆನ್ನೆಲುಬಿನ ತುದಿ ಈ ಮೂರೂ ಕಡೆ ತಾಗಿರಲಿ. ಯಾವುದೂ ಬಿಡದ ಹಾಗೆ ನಿಧಾನವಾಗಿ ಮುಂದೆ ಬಾಗಿ. ನೀರಿನ ಬಿಂದಿಗೆ ಎತ್ತುವಾಗಲೂ ಹೀಗೆ ಬಾಗುವುದೇ ಒಳ್ಳೆಯದು, ಜೊತೆಗೆ ಮೊಣಕಾಲೂ ಮಡಿಸಿ. ನಡುನೋವು ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಮಾಡಿ.

ಮಗಳು ಬೆಳೆಯುವ ವಯಸ್ಸಿನಲ್ಲಿ ಅಳತೆಗೆ ಸರಿಹೊಂದುವ ಒಳಉಡುಪು, ತುಸು ಸಡಿಲವಾದ ಅಂಗಿ ಕೊಡಿಸಿ. ಸಂಕೋಚ ಅರ್ಧ ಅಲ್ಲೇ ಕಳೆಯುತ್ತದೆ. ಉಳಿದರ್ಧ ಕಳೆಯುವುದು ನಮ್ಮ ಬಾಯಿಯ ಮಾತಿನಿಂದ. ಅವಳು ಗಾಲ್ಫ್ ಆಡಲಿ, ಬಿಡಲಿ, 'ನೆಟ್ಟಗೆ ನಿಂತ್ಕೋ ಮಗಳೇ' ಅನ್ನೋಣ.