ಬಾಯಿಬಿಟ್ಟು ಹೇಳದ ಎಂಟು ತಿಂಗಳು

ಮೊದಲು ಬಂದದ್ದು ಒಂದು ಕುರು. ಗುದದ್ವಾರದ ಪಕ್ಕದಲ್ಲಿ, ಕಡಲೆಕಾಳಿನಷ್ಟು. ಎರಡು ದಿನ ಜ್ವರ ಕಾದು, ಮೂರನೆಯ ರಾತ್ರಿ ತಾನಾಗಿ ಒಡೆದು ಕೀವು ಹೋಯಿತು. ವಾಸಿಯಾಯಿತು ಅಂದುಕೊಂಡೆ. ತಿಂಗಳು ತುಂಬುವುದರೊಳಗೆ ಅದೇ ಜಾಗ ಮತ್ತೆ ಊದಿತು, ಮತ್ತೆ ಒಡೆಯಿತು. ಆಮೇಲೆ ಆ ಸಣ್ಣ ತೂತು ಮುಚ್ಚಲೇ ಇಲ್ಲ.

ಗುಡೇಮಾರನಹಳ್ಳಿಯಲ್ಲಿ ನಮ್ಮದು ಒಂದೆಕರೆ ಹಿಪ್ಪುನೇರಳೆ, ಉಳಿದದ್ದು ರಾಗಿ ಹೊಲ. ರೇಷ್ಮೆಗೂಡು ಬಿಡಿಸಿದಾಗ ಮಾಗಡಿ ಮೇಲೆ ರಾಮನಗರದ ಮಾರುಕಟ್ಟೆಗೆ ಹೋಗಬೇಕು. ಟೆಂಪೋ ಒಂದೊಂದು ಹಂಪ್ ಹತ್ತಿಳಿದಾಗಲೂ ಕಣ್ಣಲ್ಲಿ ನೀರು ಬರುತ್ತಿತ್ತು. ಮಾರುಕಟ್ಟೆಯಲ್ಲಿ ಎಲ್ಲರೂ ಕೂತು ಮಾತಾಡುತ್ತಿದ್ದರೆ ನಾನು ಗೋಡೆಗೆ ಒರಗಿ ನಿಂತಿರುತ್ತಿದ್ದೆ. ಹಳೇ ಪಂಚೆ ಹರಿದು, ಮಡಿಚಿ ಒಳಗೆ ಇಟ್ಟುಕೊಳ್ಳುತ್ತಿದ್ದೆ. ಹೆಂಡತಿ ಏಳುವ ಮುಂಚೆ ತೊಟ್ಟಿಯ ಹತ್ತಿರ ಅದನ್ನು ಒಗೆದು ಬೇಲಿಯ ಹಿಂದೆ ಒಣಹಾಕುತ್ತಿದ್ದೆ. ವಾಸನೆ ಬಂದೀತೆಂದು ದೇವಸ್ಥಾನಕ್ಕೆ ಹೋಗುವುದನ್ನೂ ಬಿಟ್ಟೆ.

ಮೂಲವ್ಯಾಧಿಯೆಂದೇ ನಂಬಿದ್ದೆ. ಬೋರ್ಡು ನೋಡಿ ಒಂದು ಕಡೆ ಹೋದೆ. ಸರಿಯಾಗಿ ಪರೀಕ್ಷೆ ಮಾಡದೆಯೇ ಇಂಜೆಕ್ಷನ್ ಕೊಟ್ಟು ದುಡ್ಡು ತೆಗೆದುಕೊಂಡರು. ಕೀವು ನಿಲ್ಲಲಿಲ್ಲ. ಹೀಗೇ ಎಂಟು ತಿಂಗಳು ಕಳೆಯಿತು.

ನನ್ನ ಬಾಯಿ ಬಿಡಿಸಿದವರು ಅಕ್ಕನ ಗಂಡ. ಎರಡೂ ಕಿಡ್ನಿ ಕೆಟ್ಟು ಅವರಿಗೆ ಡಯಾಲಿಸಿಸ್ ನಡೆಯುತ್ತಿತ್ತು. ನೋಡಲು ಹೋದಾಗ ನಾನು ಒಂದೇ ಮಗ್ಗುಲಿಗೆ ಕೂರುವುದನ್ನು ಗಮನಿಸಿ, ಅಕ್ಕ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು: "ಏನಾಗೈತಪ್ಪಾ? ನನ್ನ ಹತ್ರಾನೂ ಹೇಳಬಾರದಾ?" ಹೇಳಿಬಿಟ್ಟೆ. ಮರುವಾರವೇ ಸರ್ಜನ್ ಹತ್ತಿರ ಕಳಿಸಿದರು.

ಡಾಕ್ಟರು ಬೆರಳಿಟ್ಟು ನೋಡಿ, ಎಂ.ಆರ್.ಐ. ಮಾಡಿಸಿ, "ಇದು ಫಿಸ್ಟುಲಾ" ಅಂದರು. ನಾನು ಗಾಬರಿಯಾಗಿ, "ನಮ್ಮ ಭಾವನ ಕೈಯಲ್ಲಿರೋದೂ ಅದೇ ಅಲ್ವಾ ಸಾರ್?" ಎಂದೆ. ಭಾವನ ಎಡಗೈ ಮಣಿಕಟ್ಟಿನ ಮೇಲೆ ನರ ಹಗ್ಗದಂತೆ ಉಬ್ಬಿದೆ. ಅಲ್ಲಿ ಬೆರಳಿಟ್ಟರೆ, ಮೋಟರು ಓಡುವಾಗ ಪೈಪಿನ ಮೇಲೆ ಕೈಯಿಟ್ಟ ಹಾಗೆ ಜುಮುಜುಮು ಅನ್ನುತ್ತದೆ.

ಡಾಕ್ಟರು ಸಮಾಧಾನವಾಗಿ ತಿಳಿಸಿದರು. ಫಿಸ್ಟುಲಾ ಅಂದರೆ ಲ್ಯಾಟಿನ್ನಿನಲ್ಲಿ ಕೊಳವೆ. ದೇಹದೊಳಗೆ ಸಹಜವಾಗಿ ಇರಬಾರದ ಕಡೆ ಎರಡು ಜಾಗದ ನಡುವೆ ಬಿದ್ದ ದಾರಿ. ಭಾವನದು ಡಾಕ್ಟರೇ ಮಾಡಿದ್ದು. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದರೆ ಕೆಲವು ವಾರಗಳಲ್ಲಿ ಅಭಿಧಮನಿ ದಪ್ಪವಾಗಿ ಡಯಾಲಿಸಿಸ್ ಸೂಜಿಯನ್ನು ತಾಳುತ್ತದೆ. ಆ ಕೈಯಲ್ಲಿ ಬಿ.ಪಿ. ನೋಡಬಾರದು, ಭಾರ ಎತ್ತಬಾರದು. ನನ್ನದು ಗುದನಾಳದ ಒಳಗಿನ ಗ್ರಂಥಿ ಕೀವುಗಟ್ಟಿ, ಆ ಕೀವು ಚರ್ಮದವರೆಗೆ ಕೊರೆದುಕೊಂಡು ಬಂದ ಸುರಂಗ. ಇನ್ನು ಕೆಲವು ಹೆಂಗಸರಿಗೆ, ಹೆರಿಗೆ ದಿನಗಟ್ಟಲೆ ತಡೆದಾಗ ಮಗುವಿನ ತಲೆ ಒತ್ತಿ, ರಕ್ತ ಹರಿಯದೆ ಅಲ್ಲಿನ ಮಾಂಸ ಸತ್ತು, ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತಾಗುತ್ತದೆ. ಮೂತ್ರ ಹಗಲೂ ರಾತ್ರಿ ಸೋರುತ್ತದೆ.

ಆ ಮಾತು ಕೇಳಿ ನನಗೆ ನಮ್ಮಮ್ಮನ ತವರೂರಿನ ಒಬ್ಬ ಅಜ್ಜಿ ನೆನಪಾದರು. ಮೂರು ದಿನ ನೋವು ತಿಂದು, ಸತ್ತ ಮಗು ಹೆತ್ತರಂತೆ. ಗಂಡ ಬಿಟ್ಟ. ಮದುವೆಮನೆಯಲ್ಲಿ ಎಲ್ಲರ ಊಟವಾದ ಮೇಲೆ ಹಿತ್ತಲಲ್ಲಿ ಅವರಿಗೆ ಎಲೆ ಹಾಕುತ್ತಿದ್ದರು. ಹುಡುಗರು ನಾವು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. "ಆಪರೇಷನ್ ಮಾಡಿದ್ರೆ ಬಹಳ ಜನಕ್ಕೆ ವಾಸಿಯಾಗುತ್ತೆ" ಅಂದರು ಡಾಕ್ಟರು. ನನಗೆ ಮಾತೇ ಹೊರಡಲಿಲ್ಲ.

ನನ್ನ ಸುರಂಗ ಮಲ ತಡೆಯುವ ಸ್ನಾಯುವಿನ ನಡುವೆ ಹಾದಿತ್ತು. ಒಂದೇ ಸಲಕ್ಕೆ ಕೊಯ್ದರೆ ಹಿಡಿತ ತಪ್ಪುವ ಭಯ. ಚೂರು ಮಾಂಸ ತೆಗೆದು ಕ್ಷಯವಿದೆಯೇ ಎಂದು ನೋಡಿದರು, ಇರಲಿಲ್ಲ. ಕೊನೆಗೆ ಬೆಂಗಳೂರಿನ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಯಲ್ಲಿ ಕ್ಷಾರಸೂತ್ರ ಹಾಕಿಸಿಕೊಂಡೆ. ಸುಶ್ರುತ ಸಂಹಿತೆಯಲ್ಲಿ ಈ ರೋಗಕ್ಕೆ ಭಗಂದರವೆಂದು ಹೆಸರು, ಅದರಲ್ಲಿ ಐದು ಬಗೆ. ಕ್ಷಾರಸೂತ್ರವೆಂದರೆ ಕಳ್ಳಿಹಾಲು, ಉತ್ತರಾಣಿ ಕ್ಷಾರ, ಅರಿಶಿನ ಸೇರಿಸಿ 21 ಸಲ ಲೇಪಿಸಿದ ದಾರ. ನಮ್ಮ ಬದುವಿನ ಮೇಲೆ ಬೆಳೆಯುವ ಕಳ್ಳಿ, ಉತ್ತರಾಣಿಯೇ. ಆ ದಾರವನ್ನು ಸುರಂಗದೊಳಗೆ ಪೋಣಿಸಿ ಗಂಟು ಹಾಕುತ್ತಾರೆ; ವಾರಕ್ಕೊಮ್ಮೆ ಬದಲಿಸುತ್ತಾರೆ. ದಾರ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಬಂದಂತೆ ಹಿಂದಿನಿಂದ ಗಾಯ ಮಾಯುತ್ತದೆ. ಬದಲಿಸುವ ದಿನ ಹಲ್ಲು ಕಚ್ಚಿ ಮಲಗಿರುತ್ತಿದ್ದೆ. ಹನ್ನೊಂದು ವಾರ ಹೆದ್ದಾರಿಯಲ್ಲಿ ನಿಂತು ಮೆಜೆಸ್ಟಿಕ್ ಬಸ್ಸು ಹಿಡಿದೆ. ಹನ್ನೆರಡನೆಯ ವಾರ ಮನೆಯಲ್ಲೇ ದಾರ ಕಳಚಿ ಬಿತ್ತು.

ಅಷ್ಟೂ ದಿನ ಹೆಂಡತಿ ಎರಡು ಹೊತ್ತೂ ಬಿಸಿನೀರಿನ ಟಬ್ಬು ಇಟ್ಟಳು, ಬಟ್ಟೆ ಒಗೆದಳು. "ಮೊದಲೇ ಹೇಳದೆ ಇರೋಕೆ ನಾನೇನು ಬೇರೆಯವಳಾ?" ಅಂದದ್ದು ಒಂದೇ ಸಲ. ಈಗ ಬಟ್ಟೆ ಅಂಗಳದ ತಂತಿಯ ಮೇಲೆ ಬಿಸಿಲಿಗೆ ಒಣಗುತ್ತಿತ್ತು.

ನಾನು ಮುಚ್ಚಿಟ್ಟದ್ದು ಎಂಟು ತಿಂಗಳು. ಆ ಅಜ್ಜಿ ಸಾಯುವತನಕ ಹಿತ್ತಲಲ್ಲೇ ಉಂಡರು. ಜಾಗ ಯಾವುದೇ ಇರಲಿ, ಸೋರುತ್ತಿದ್ದರೆ ಮನೆಯವರಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ನಿಮ್ಮ ಮನೆಯ ಹೆಂಗಸು ಹೇಳಿದರೆ ಮೂಗು ಮುಚ್ಚಬೇಡಿ, ಬಸ್ಸಿಗೆ ಕರೆದುಕೊಂಡು ಹೋಗಿ.